ಬಂಗುಡೆಯ ಮೇಲಿನ ದೂರು

ಜಲಜಕ್ಕ ಗಂಗೊಳ್ಳಿ ಬಂದರದಲ್ಲಿ ಮೀನು ಕೊಂಡು ಮನೆಮನೆಗೆ ಹೊತ್ತು ಮಾರುವವಳು. ಅಂಥವಳ ಎಂಟು ತಿಂಗಳ ಮೊಮ್ಮಗ ಸುಜನ್‌ಗೆ ಮೀನಿನ ಕೈಯೇ ಆಗುವುದಿಲ್ಲ ಅಂದರೆ ಊರು ಸುಮ್ಮನಿರುತ್ತದೆಯೇ? ವಾರದಿಂದ ಹೀಗೇ. ಮಧ್ಯಾಹ್ನ ಅವಳು ಬಂದು ಮಗುವನ್ನು ಎತ್ತಿಕೊಂಡ ಹತ್ತು ನಿಮಿಷಕ್ಕೆ ಅದರ ಬಾಯಿ ಸುತ್ತ ಕೆಂಪು ದದ್ದು. ಮಿಂದು, ಸೀರೆ ಬದಲಿಸಿ ಎತ್ತಿಕೊಂಡರೂ ಅದೇ.

"ಅಮ್ಮಾ, ನೀನ್ ಇನ್ ಮೀನಿಗ್ ಹೋಪುದ್ ಬ್ಯಾಡ," ಎಂದ ಮಗ ಅನೂಪ್.

"ಏಳ್ ತಿಂಗಳ್ ಎತ್ಕಂಡದ್ದ್ ಇದೇ ಕೈಯಗೆ. ಆಗ ಎಂತ ಆಯ್ಲಿಲ್ಲೆ."

"ಈಗ ಆತ್ತಲೆ."

ಮಗ ಹೇಳಿದ ಅಂತ ಸುಮ್ಮನೆ ಬುಟ್ಟಿ ಕೆಳಗಿಡುವ ಜನವಲ್ಲ ಜಲಜಕ್ಕ. "ಡಾಕ್ಟ್ರ್ ಹೇಳ್ಲಿ. ಅವ್ರ್ ಮೀನೇ ಅಂದ್ರೆ ನಾಳೆಯೇ ಬುಟ್ಟಿ ಇಡ್ತೆ."

ಕುಂದಾಪುರದ ಮಕ್ಕಳ ಡಾಕ್ಟರಮ್ಮ ಕೇಳಿದರು: "ಮನೆಗೆ ಬಂದ ಮೇಲೆ ಏನೇನು ಮಾಡ್ತೀರಿ? ಒಂದೂ ಬಿಡದೆ ಹೇಳಿ."

"ಮೀತೆ. ಸೀರೆ ಬದ್ಲ್ ಮಾಡ್ತೆ. ಬಿಸ್ಲಗೆ ಬಂದದ್ದಲ್ದಾ, ಒಂದ್ ಚೆಂಬ್ ಮಜ್ಜಿಗಿ ಕುಡಿತೆ. ಒಂದ್ ವಾರದಿಂದ ಮಗುಗೂ ಒಂದ್ ಬೆರಳ್ ನೆಕ್ಸ್ತೆ."

ಡಾಕ್ಟರಮ್ಮನ ಪೆನ್ನು ನಿಂತಿತು. "ದದ್ದು ಎದ್ದ ಮೇಲೆ?"

"ಎರಡ್ ಬೆರಳ್ ಮಾಡ್ದೆ. ಮಜ್ಜಿಗಿಯಗೆ ಕರುಳಿಗೆ ಬೇಕಾದ ಒಳ್ಳೆ ಹುಳ ಇತ್ತಂಬ್ರ್, ಅಲರ್ಜಿ ಹತ್ರ ಬತ್ತಿಲ್ಲೆ ಅಂಬ್ರ್. ಫೋನಗೆ ಬಂದಿತ್ತ್."

ಮಗುವನ್ನು ಎತ್ತಿಕೊಂಡಿದ್ದ ಸೊಸೆ ದಿವ್ಯಾ ತಿರುಗಿದಳು. "ಅತ್ತೆ, ನಂಗೊಂದ್ ಮಾತ್ ಹೇಳ್ಲಿಲ್ಲೆ."

"ಬೆರಳ್ ನೆಕ್ಸುಕೂ ಅರ್ಜಿ ಹಾಕ್ಕಾ ಹೆಣೆ?"

"ನಾಳೆ ಎರಡನ್ನೂ ತನ್ನಿ," ಎಂದರು ಡಾಕ್ಟರಮ್ಮ. "ನಿಮ್ಮ ಮೀನು, ನಿಮ್ಮ ಮಜ್ಜಿಗೆ. ಅಲ್ಲಿವರೆಗೆ ಮಗುವಿಗೆ ಎರಡೂ ಬೇಡ."

ಬೆಳಿಗ್ಗೆ ಬಂದರದಲ್ಲಿ ಜೊತೆಗಾತಿ ಮುತ್ತು ಕೂಗಿದಳು, "ಹ್ವಾಯ್ ಜಲಜಕ್ಕ, ಬುಟ್ಟಿ ಇಡ್ತ್ರಿ ಅಂಬ್ರಲೆ?"

ಜಲಜಕ್ಕ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದಳು. "ಇದ್ ಸಾಕ್ಷಿ ಹೇಳುಕ್ ಹೋಪ ಮೀನ್ ಮಾರಾಯ್ತಿ. ಹಳ್ಸಿದ್ರೆ ಕೇಸ್ ಬಿದ್ದ್ ಹೋತ್ತ್."

ಆಸ್ಪತ್ರೆಯಲ್ಲಿ ಮಗುವಿನ ತೋಳಿನ ಮೇಲೆ ಒಂದು ಹನಿ ಮೀನಿನ ರಸ, ಪಕ್ಕದಲ್ಲಿ ಒಂದು ಹನಿ ಮಜ್ಜಿಗೆ. ಎರಡರ ಮೇಲೂ ಸೂಜಿಯಿಂದ ಮೆಲ್ಲಗೆ ಚುಚ್ಚಿದರು; ಮಗುವಿಗೆ ಯಾವುದು ಆಗದೋ ಅದರ ಜಾಗ ಊದುತ್ತದಂತೆ. ಹದಿನೈದು ನಿಮಿಷ ಜಲಜಕ್ಕ ಕಣ್ಣು ಕೀಳಲಿಲ್ಲ. ಮೀನಿನ ಜಾಗ ಇದ್ದ ಹಾಗೇ ಇತ್ತು. ಮಜ್ಜಿಗೆಯ ಜಾಗ ಸೊಳ್ಳೆ ಕಚ್ಚಿದಂತೆ ಊದಿ ಕೆಂಪಾಯಿತು.

"ಮಜ್ಜಿಗೆಯಲ್ಲಿ ಒಳ್ಳೆ ಬ್ಯಾಕ್ಟೀರಿಯಾ ಇರೋದು ಸುಳ್ಳಲ್ಲ," ಎಂದರು ಡಾಕ್ಟರಮ್ಮ. "ಆದ್ರೆ ಮಜ್ಜಿಗೆ ಅಂದ್ರೆ ಹಾಲೇ ಅಲ್ವಾ? ಈ ಮಗುವಿಗೆ ದನದ ಹಾಲು ಆಗೋದಿಲ್ಲ. ಒಳ್ಳೆ ಬ್ಯಾಕ್ಟೀರಿಯಾ ಅಂತ ಮಾರೋ ಪುಡಿಯನ್ನೂ ಕೇಳದೆ ಕೊಡ್ಬೇಡಿ, ಕೆಲವದ್ರಲ್ಲಿ ಹಾಲಿನ ಅಂಶ ಇರ್ತದೆ. ಎದೆಹಾಲು ನಡೀಲಿ. ಬೆಳೀತಾ ಹೆಚ್ಚಿನ ಮಕ್ಕಳಿಗೆ ಇದು ಹೋಗ್ತದೆ. ಹೋಯ್ತಾ ಅಂತ ಇಲ್ಲೇ ನೋಡುವ, ಮನೇಲಿ ಬೇಡ."

ಅನೂಪ್ ನೆಲ ನೋಡಿದ. ಜಲಜಕ್ಕ ದನಿ ತಗ್ಗಿಸದೆ ಹೇಳಿದಳು: "ತಪ್ಪ್ ನನ್ ಬೆರಳಿಂದ್. ಮೀನಿಂದಲ್ಲ."

ಮರುದಿನ ಮಧ್ಯಾಹ್ನ ಬುಟ್ಟಿ ಇಳಿಸಿ, ಮಿಂದು ಬಂದವಳ ಚೆಂಬಿನಲ್ಲಿ ಗಂಜಿಯ ತಿಳಿ ಇತ್ತು. ತೊಡೆಯ ಮೇಲಿದ್ದ ಸುಜನ್ ಚೆಂಬು ಕಂಡದ್ದೇ ಬಾಯಿ ತೆರೆದ. ಜಲಜಕ್ಕ ಸೊಸೆಯತ್ತ ನೋಡಿದಳು.

"ಇದ್ ಬರೀ ಗಂಜಿ ತಿಳಿ. ಒಂದ್ ಬೆರಳ್ ಕೊಡ್ಲಾ ಹೆಣೆ?"

"ಅರ್ಜಿ ಬಂತ್," ಎಂದಳು ದಿವ್ಯಾ. "ಕೊಡಿ."