ಇಂಟರ್‌ಫೆರಾನಿಗೆ ಇಡದೆ ಬಿಟ್ಟ ಹೆಸರು

ರೇಕ್ಯಾವಿಕ್‌ನಲ್ಲಿ ಯಾವ ಸುದ್ದಿ ಹುಟ್ಟಿದರೂ ಅದು ಬೇಯುವುದು ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ. ತಲೆಯ ಮೇಲೆ ಮಾರ್ಚ್ ತಿಂಗಳ ಹಿಮ ಉದುರುತ್ತಿದ್ದರೂ ಸರಿಯೇ, ಕುತ್ತಿಗೆಯವರೆಗೆ ಮುಳುಗಿ ಕೂತ ಮುದುಕ ಮುದುಕಿಯರು ಅಲ್ಲೇ ಸರ್ಕಾರ ಉರುಳಿಸುತ್ತಾರೆ, ಅಲ್ಲೇ ಮೀನಿನ ದರ ನಿಗದಿ ಮಾಡುತ್ತಾರೆ. ಆ ದಿನ ಬೆಳಿಗ್ಗೆ ಅವರ ಬಾಯಿಗೆ ಸಿಕ್ಕವಳು ರಾನ್‌ವೇಗ್.

ರಾನ್‌ವೇಗ್ ಶಾಲೆಯಲ್ಲಿ ಹಳೆಯ ಭಾಷೆ ಕಲಿಸಿ ನಿವೃತ್ತಳಾದವಳು. ಹೊಸ ವೈದ್ಯಕೀಯ ಪದಗಳಿಗೆ ತಾಯಿಭಾಷೆಯ ಹೆಸರು ಕಟ್ಟುವ ವೈದ್ಯರ ಪದಸಮಿತಿಯಲ್ಲಿ ವೈದ್ಯೆಯಲ್ಲದವಳು ಅವಳೊಬ್ಬಳೇ. ಐಸ್‌ಲ್ಯಾಂಡಿನವರ ಹಠ ಗೊತ್ತಲ್ಲ? ಲೋಕವೆಲ್ಲ ಟೆಲಿಫೋನ್ ಎಂದರೆ ಇವರು ಅದಕ್ಕೆ ಅಜ್ಜಿ ಕಾಲದ ದಾರದ ಹೆಸರಿಟ್ಟರು. ಕಂಪ್ಯೂಟರ್ ಬಂದಾಗ ಅದನ್ನು ಎಣಿಕೆಯ ಕಣಿಗಾತಿ ಮಾಡಿದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ನಕ್ಕವರು ನಗಲಿ, ರಾನ್‌ವೇಗ್‌ಗೆ ಅದೇ ಹೆಮ್ಮೆ. ಹೊರಗಿನ ಪದ ಹೊರಗಿನ ವೇಷದಲ್ಲೇ ಒಳಬಂದರೆ, ಯಾರೋ ಕೆಸರು ಬೂಟು ಹಾಕಿಕೊಂಡು ತನ್ನ ನಡುಮನೆಗೆ ನುಗ್ಗಿದಷ್ಟು ಸಿಟ್ಟು ಬರುತ್ತಿತ್ತು ಅವಳಿಗೆ.

"ಏನ್ ಟೀಚರಮ್ಮ," ಎಂದ ಎದುರು ಕೂತಿದ್ದ, ಟ್ಯಾಕ್ಸಿ ಓಡಿಸುವ ಥೋರ್‌ಲಾಕುರ್, "ಆ ಇಂಟರ್‌ಫೆರಾನ್‌ಗೆ ಹೆಸರಾಯ್ತಂತೆ?"

"ಗುರುವಾರ ಸಮಿತಿ ಇದೆ. ಅಲ್ಲೀವರೆಗೆ ಬಾಯಿ ಮುಚ್ಕೊಂಡು ನೀರಲ್ಲಿ ಕೂತಿರಿ."

"ನಮ್ಮತ್ರ ಮುಚ್ಚಿಡ್ತೀರಾ? ನಿಮ್ಮ ತಮ್ಮ ಆಗ್ಲೇ ಹೇಳ್ಬಿಟ್ಟ. ಕಾವಲುಗಾರ ಅಂತೆ. ಭಾರಿ ಚೆನ್ನಾಗಿದೆ ಬಿಡಿ."

ತೊಟ್ಟಿಯಲ್ಲಿದ್ದವರೆಲ್ಲ ತಲೆದೂಗಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದನಲ್ಲ ಪುಣ್ಯಾತ್ಮ ಎಂದು ಬೈದುಕೊಂಡರೂ ರಾನ್‌ವೇಗ್‌ಗೆ ಒಳಗೊಳಗೆ ಖುಷಿಯಾಗದೆ ಇರಲಿಲ್ಲ.

ಆ ಹೆಸರು ಸುಮ್ಮನೆ ಸಿಕ್ಕಿದ್ದಲ್ಲ. ವೈರಸ್ಸು ಒಂದು ಜೀವಕೋಶಕ್ಕೆ ನುಗ್ಗಿದಾಗ ಆ ಕೋಶ ತಾನು ಸಾಯುವ ಮೊದಲು ಒಂದು ಪ್ರೋಟೀನನ್ನು ಹೊರಗೆ ಬಿಡುತ್ತದಂತೆ. ಅದು ಮುಟ್ಟಿದ ಕೂಡಲೆ ಅಕ್ಕಪಕ್ಕದ ಕೋಶಗಳು ಬಾಗಿಲು ಭದ್ರ ಮಾಡಿಕೊಳ್ಳುತ್ತವಂತೆ. ತಾನು ಹೋದರೂ ನೆರೆಯವರನ್ನು ಎಚ್ಚರಿಸಿ ಹೋಗುವ ಈ ಗುಣ ಕೇಳಿ ರಾನ್‌ವೇಗ್‌ಳ ಕಣ್ಣು ಒದ್ದೆಯಾಗಿತ್ತು. ಅದನ್ನು ಕಂಡುಹಿಡಿದ ಲಂಡನ್ನಿನವರು ಇಟ್ಟ ಇಂಟರ್‌ಫೆರಾನ್ ಎಂಬ ಹೆಸರಿಗೆ ಅಡ್ಡಬರುವಂಥದ್ದು ಎಂದಷ್ಟೇ ಅರ್ಥ. ಎಂಥ ಒಣ ಹೆಸರು! ಈಗ ವೈದ್ಯರು ಅದನ್ನೇ ಸೂಜಿಮದ್ದು ಮಾಡಿ ಕ್ಯಾನ್ಸರಿಗೂ ಕೊಡುತ್ತಿದ್ದರು. ಅವಳ ತಮ್ಮ ಏವಿಂದುರ್‌ಗೂ ಕೊಡುತ್ತಿದ್ದರು. ಅವನ ಒಂದು ಮೂತ್ರಪಿಂಡ ತೆಗೆದಾಗಿತ್ತು, ಅಷ್ಟರಲ್ಲೇ ರೋಗ ಶ್ವಾಸಕೋಶಕ್ಕೆ ಹತ್ತಿತ್ತು. ಮೊದಲ ಸೂಜಿಯ ಸಂಜೆ ಅವನು ಜ್ವರದಲ್ಲಿ ಗಡಗಡ ನಡುಗುತ್ತಿದ್ದಾಗ ಹಾಸಿಗೆಯ ಪಕ್ಕ ಕೂತು ಅವಳು ತಾನು ಕಟ್ಟಿದ ಹೆಸರನ್ನು ಅವನ ಕಿವಿಯಲ್ಲಿ ಹೇಳಿದ್ದಳು. ಧೈರ್ಯ ಬರಲಿ ಎಂದು ಹೇಳಿದ್ದಳು, ಅಷ್ಟೇ.

ಸ್ನಾನ ಮುಗಿಸಿ ನೇರ ಕಡಲಂಚಿಗೆ ಹೋದಳು. ಏವಿಂದುರ್ ತನ್ನ ಹಲಗೆ ಗುಡಿಸಲಿನ ಬಾಗಿಲಲ್ಲಿ ಕೂತು ಬಲೆ ನೇಯುತ್ತಿದ್ದ. ಕೆಂಪುಹೊಟ್ಟೆ ಮೀನು ದಡಕ್ಕೆ ಬರುವ ಕಾಲ. ನೆರೆಯವರ ದೋಣಿಗಳೆಲ್ಲ ಆಗಲೇ ನೀರಿಗಿಳಿದಿದ್ದವು. ಅವನದೊಂದೇ ಕಲ್ಲಿನ ಮೇಲೆ ಬೋರಲು ಬಿದ್ದಿತ್ತು.

"ಏನೋ, ನಾನು ಕಿವೀಲಿ ಹೇಳಿದ್ದನ್ನ ಊರಿಗೆಲ್ಲ ಡಂಗುರ ಹೊಡೆದ್ಯಲ್ಲೋ."

"ಅಕ್ಕ ಇಟ್ಟ ಹೆಸರು, ಹೊಟ್ಟೇಲಿ ನಿಲ್ಲತ್ತಾ?" ಎಂದು ನಕ್ಕ. ನಗು ಬೇಗ ಮುಗಿಯಿತು. "ನಿನ್ನೆ ಹೊಸ ಎಕ್ಸ್‌ರೇ ತೋರಿಸಿದ್ರು. ಚುಕ್ಕೆಗಳು ದೊಡ್ಡದಾಗಿವೆ."

ರಾನ್‌ವೇಗ್ ಬೋರಲು ದೋಣಿಯ ಮೇಲೆ ಕೂತಳು.

"ಡಾಕ್ಟ್ರು ಏನಂದ್ರು?"

"ಸೂಜಿ ಮುಂದುವರಿಸಬಹುದು, ನಿಲ್ಲಿಸಬಹುದು, ನಿನ್ನಿಷ್ಟ ಅಂದ್ರು. ಮುಂದುವರಿಸ್ತೀನಿ ಅಂದೆ."

"ಒಳ್ಳೇದು ಮಾಡ್ದೆ."

ಅವನು ಒಂದಿಷ್ಟು ಗಂಟು ಹಾಕಿದ. "ಅಕ್ಕ, ನಂಗೆ ಈ ಸಲ ದೋಣಿ ಇಳಿಸ್ಬೇಕು ಅಂತ ಭಾಳ ಆಸೆ. ಆದ್ರೆ ಒಂದು ಸೂಜಿ ಜ್ವರ ಬಿಡೋ ಹೊತ್ತಿಗೆ ಇನ್ನೊಂದು ಬಂದಿರತ್ತೆ. ಹುಟ್ಟು ಹಾಕೋ ಶಕ್ತಿ ಎಲ್ಲಿಂದ ತರ್ಲಿ?"

"ಮತ್ಯಾಕೆ ಹೂಂ ಅಂದೆ?"

"ಕಾವಲಿಗೆ ನಿಂತೋನನ್ನ ಯಾರಾದ್ರೂ ಓಡಿಸ್ತಾರಾ?" ಬಲೆಯಿಂದ ಕಣ್ಣೆತ್ತದೆ ಹೇಳಿದ. "ಅವನು ಎಲ್ಲರ ಮನೆ ಕಾಯ್ತಾನೆ. ನನ್ನ ಮನೆ ಮಾತ್ರ ಕಾಯ್ಲಿಲ್ಲ ಅಂದ್ರೆ ಮನೇಲೇ ಏನೋ ಐಬಿದೆ. ನಾನೇ ಸರಿಯಾಗಿ ಗಟ್ಟಿ ಮನಸ್ಸು ಮಾಡ್ಲಿಲ್ಲವೇನೋ."

ರಾನ್‌ವೇಗ್ ಅವನ ಟೋಪಿಯನ್ನು ಕಿವಿಯ ಮೇಲೆ ಎಳೆದು ಎದ್ದು ಬಂದಳು.

ಗುರುವಾರದ ಸಮಿತಿಯಲ್ಲಿ ಕಾಫಿ, ಎಣ್ಣೆಯಲ್ಲಿ ಕರಿದ ಸಿಹಿತಿಂಡಿ, ಐದಾರು ವೈದ್ಯರು. ಅಧ್ಯಕ್ಷ ಹ್ಯಾಲ್ಮಾರ್ ಒಳ್ಳೆಯ ಉಮೇದಿನಲ್ಲಿದ್ದ. "ನೋಡಿ, ಇಡೀ ಯೂರೋಪು ಲಂಡನ್ನಿನವರ ಎಂಜಲು ತಿಂದಿದೆ. ಜರ್ಮನ್ನರು ಇದ್ದ ಹಾಗೇ ಎತ್ಕೊಂಡ್ರು. ಡೇನರು, ಸ್ವೀಡಿಷರು ಅದೇ ದಾರಿ. ಇಟಲಿಯವರು ಕೊನೇಲಿ ಒಂದು ಬಾಲ ಅಂಟಿಸಿದ್ರು, ಫಿನ್‌ಲ್ಯಾಂಡಿನವರು ಇನ್ನೊಂದು ಬಾಲ. ಫ್ರೆಂಚರು ಮೂಗಿಂದ ಹೇಳ್ತಾರೆ, ರಷ್ಯನ್ನರು ಅವರ ಅಕ್ಷರದಲ್ಲಿ ಬರೀತಾರೆ. ಒಬ್ಬರಾದ್ರೂ ಅದಕ್ಕೊಂದು ತಾಯಿಭಾಷೆ ಹೊದಿಸಿದ್ರಾ? ನಮ್ಮ ರಾನ್‌ವೇಗ್ ಹೊದಿಸಿದಾರೆ. ಕಾವಲುಗಾರ. ಒಪ್ಪಿಗೆಯಾ ಎಲ್ಲರಿಗೂ?"

ಎಲ್ಲರ ಕೈ ಮೇಲೆ ಹೋಯಿತು. ಒಂದು ಕೈ ಮಾತ್ರ ಕಾಫಿ ಬಟ್ಟಲನ್ನು ಹಿಡಿದೇ ಇತ್ತು.

"ನನಗೆ ಒಪ್ಪಿಗೆ ಇಲ್ಲ," ಎಂದಳು ರಾನ್‌ವೇಗ್.

"ನಿಮ್ಮದೇ ಪದ ಅಲ್ವೇನ್ರೀ?"

"ಅದಕ್ಕೇ ವಾಪಸ್ ತಗೋತಿದೀನಿ."

ಹ್ಯಾಲ್ಮಾರ್ ಕನ್ನಡಕ ತೆಗೆದ. ಈ ಊರಿನಲ್ಲಿ ಯಾರ ಕಷ್ಟ ಯಾರಿಗೆ ಗೊತ್ತಿಲ್ಲ? ಮೆಲ್ಲಗೆ ಕೇಳಿದ, "ಏವಿಂದುರ್ ವಿಷಯವಾ?"

"ಹೌದು. ಸುಳ್ಳು ಯಾಕೆ ಹೇಳ್ಲಿ. ಹೆಸರಿಡೋದು ಅಂದ್ರೆ ಮಾತು ಕೊಟ್ಟ ಹಾಗೆ. ಕಾವಲುಗಾರ ಅಂದ್ಮೇಲೆ ಕಾಯ್ಬೇಕು. ಇದು ಕೆಲವರನ್ನ ಕಾಯತ್ತೆ, ಭಾಳ ಜನರನ್ನ ಬಿಡತ್ತೆ. ಯಾರನ್ನ ಅಂತ ನಿಮಗೂ ಗೊತ್ತಿಲ್ಲ. ಬಿಟ್ಟಾಗ ರೋಗಿ ತಪ್ಪು ತನ್ನದೇ ಅಂದ್ಕೋತಾನೆ."

"ಹಾಗಾದ್ರೆ ಬೇರೆ ಏನಾದ್ರೂ ಕೊಡಿ."

"ನನ್ನ ಹತ್ರ ಇಲ್ಲ." ಅವಳು ಬಟ್ಟಲು ಕೆಳಗಿಟ್ಟಳು. "ಪರದೇಶಿ ಪದ ಪರದೇಶಿಯಾಗೇ ಇರ್ಲಿ ಬಿಡಿ. ಅದರ ಮೇಲೆ ಯಾರಿಗೂ ನಂಬಿಕೆ ಇರಲ್ಲ, ಅದರಿಂದ ಯಾರಿಗೂ ಮೋಸವೂ ಆಗಲ್ಲ."

ಇಷ್ಟು ವರ್ಷ ಒಂದೊಂದು ಪರಭಾಷೆಯ ಪದಕ್ಕೂ ಬಾಗಿಲಲ್ಲಿ ಅಡ್ಡ ನಿಂತು ಜಗಳವಾಡಿದ ಹೆಂಗಸು ಹೀಗೆ ಹೇಳಿದ್ದಕ್ಕೆ ಯಾರೂ ಎದುರಾಡಲಿಲ್ಲ. ಹ್ಯಾಲ್ಮಾರ್ ಸಿಹಿತಿಂಡಿಯ ತಟ್ಟೆಯನ್ನು ಅವಳತ್ತ ಸರಿಸಿ ಮುಂದಿನ ಪದಕ್ಕೆ ಹೋದ.

ಸಂಜೆ ತಮ್ಮನ ಮನೆಗೆ ಬಂದಾಗ ಒಲೆಯ ಮೇಲೆ ಮೀನು ಬೇಯುತ್ತಿತ್ತು. ನೆರೆಯವನ ಬಲೆಗೆ ಬಿದ್ದ ಮೊದಲ ಕೆಂಪುಹೊಟ್ಟೆ. ಏವಿಂದುರ್ ಆಲೂಗಡ್ಡೆ ಸುಲಿದಿಟ್ಟಿದ್ದ.

"ನಾಮಕರಣ ಆಯ್ತಾ?"

"ಇಲ್ಲ. ಹೆಸರಿಡ್ಲಿಲ್ಲ. ಇಂಟರ್‌ಫೆರಾನ್ ಅಂತಲೇ ಬಿಟ್ವಿ."

ಆ ಪದವನ್ನು ಅಕ್ಕನ ಬಾಯಲ್ಲಿ ಅವನು ಕೇಳಿದ್ದು ಅದೇ ಮೊದಲು. ಸೌಟು ಹಿಡಿದವನು ಹಾಗೇ ನಿಂತ.

"ಬಿಡು ಅಂದೋರ್ಯಾರು? ಆ ಡಾಕ್ಟ್ರುಗಳಾ?"

"ನಾನೇ ಕಣೋ." ಅವಳು ಕೋಟು ಬಿಚ್ಚದೆ ಮೇಜಿನ ಮುಂದೆ ಕೂತಳು. "ಅದು ಕಾವಲುಗಾರ ಅಲ್ಲ. ನಾನು ಅವಸರ ಮಾಡ್ದೆ. ಅದು ಬರೀ ಔಷಧಿ. ಹಿಡಿದ್ರೆ ಹಿಡಿಯತ್ತೆ, ಇಲ್ದಿದ್ರೆ ಇಲ್ಲ. ಹಿಡೀಲಿಲ್ಲ ಅಂದ್ರೆ ಸೋತಿದ್ದು ಅದು, ನೀನಲ್ಲ."

ಏವಿಂದುರ್ ಮೀನನ್ನು ತಟ್ಟೆಗೆ ಹಾಕಿದ, ಆಲೂಗಡ್ಡೆ ಹಾಕಿದ, ಬೆಣ್ಣೆಯ ಬಟ್ಟಲನ್ನು ಅವಳ ಮುಂದಿಟ್ಟ. ಕೂತು ಒಂದು ತುತ್ತು ತಿಂದ ಮೇಲೆ ಕಿಟಕಿಯ ಕಡೆ ನೋಡಿದ.

"ನಾಳೆ ಸೂಜಿ ಇದೆ," ಎಂದ. "ನಾಳೆ ಗಾಳಿ ಕಮ್ಮಿ ಅಂತಾನೂ ರೇಡಿಯೋಲಿ ಹೇಳಿದ್ರು."

ಅವನು ಏನು ಕೇಳುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಆಸ್ಪತ್ರೆಗೆ ಹೋಗೋ, ಇನ್ನೊಂದು ತಿಂಗಳಾದರೂ ಹೋಗೋ, ನನಗೆ ನಿನ್ನನ್ನು ಬಿಟ್ಟರೆ ಯಾರಿದ್ದಾರೆ ಎಂದು ಕೂಗಬೇಕೆನಿಸಿತು. ಆ ಮಾತು ನಾಲಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

"ದೋಣಿ ಮಗುಚಿ ನೀರಿಗಿಳಿಸಕ್ಕೆ ಇಬ್ರು ಬೇಕಲ್ವಾ," ಎಂದಳು. "ಬೆಳಿಗ್ಗೆ ಬರ್ತೀನಿ."

ಆಮೇಲೆ ಅಳು ಬಂತು. ತಡೆಯಲು ಹೋಗದೆ ಬೆಣ್ಣೆ ಚಾಕು ಹಿಡಿದುಕೊಂಡೇ ಅತ್ತಳು. ಏವಿಂದುರ್ ಅವಳ ತಟ್ಟೆಯನ್ನು ಎಳೆದುಕೊಂಡು, ಚಿಕ್ಕಂದಿನಲ್ಲಿ ಅವಳು ಅವನಿಗೆ ಮಾಡಿಕೊಡುತ್ತಿದ್ದ ಹಾಗೆ ಮೀನಿನ ಮುಳ್ಳು ಬಿಡಿಸತೊಡಗಿದ.

"ಉದ್ದನೆ ಬೂಟು ಹಾಕ್ಕೊಂಡು ಬಾ ಅಕ್ಕ," ಎಂದ. "ನೀರು ಕೊರೀತಿರತ್ತೆ."