ಕೆಂಪು ಕಡ್ಡಿಯ ಕನ್ನಡಕ

ಭಾನುವಾರದ ಪ್ರಾರ್ಥನೆ ಮುಗಿದು ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಸೇರಿದ್ದ ಜನರ ನಡುವೆ ಸಿಗ್ನೆ ನಿಂತಿದ್ದಳು. ಅವಳ ತಮ್ಮ ಆರ್ವಿಡ್ ನೈಸ್ಟ್ರಾಮ್ ಕಂಬಕ್ಕೆ ಒರಗಿಕೊಂಡು, ಅವಳೊಡನೆ ಮಾತಾಡುತ್ತಿದ್ದವರ ಕಣ್ಣುಗಳನ್ನು ಗಮನಿಸುತ್ತಿದ್ದ. ಯಾರ ಕಣ್ಣೂ ಅವಳ ಕಿವಿಯ ಕಡೆ ಹೋಗಲಿಲ್ಲ. ಅವನಿಗೆ ಬೇಕಾಗಿದ್ದುದೇ ಅದು.

ಮಿನಿಯಾಪೊಲಿಸ್‌ನಲ್ಲಿ ಶ್ರವಣಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಅವನು ವಿನ್ಯಾಸಗಾರ. ಸಿಗ್ನೆಗೆ ಎಳೆವಯಸ್ಸಿನಿಂದ ಕಿವಿ ಮಂದ. ಇಷ್ಟು ವರ್ಷ ಅವಳು ಸಿಗರೇಟ್ ಪ್ಯಾಕಿನಷ್ಟು ದೊಡ್ಡ ಪೆಟ್ಟಿಗೆಯನ್ನು ಎದೆಯ ಮೇಲೆ ಸಿಕ್ಕಿಸಿಕೊಂಡು, ಅದರ ತಂತಿಯನ್ನು ಕಿವಿಗೆ ಎಳೆದುಕೊಂಡು ಓಡಾಡಿದ್ದಳು. ಈಗ, 1956ರಲ್ಲಿ, ಕಾಳಿನಷ್ಟು ಪುಟ್ಟ ಹೊಸ ಟ್ರಾನ್ಸಿಸ್ಟರ್‌ನಿಂದಾಗಿ ಪೆಟ್ಟಿಗೆಯಲ್ಲಿದ್ದುದೆಲ್ಲ ಕನ್ನಡಕದ ಕಡ್ಡಿಯೊಳಗೇ ಹಿಡಿಸುತ್ತಿತ್ತು. ಎರಡು ವರ್ಷ ಕೂತು ಆರ್ವಿಡ್ ಆ ಕಡ್ಡಿಯನ್ನು ತೆಳ್ಳಗೆ ಮಾಡಿದ್ದ. ಅವಳ ಕೂದಲಿನಲ್ಲಿ ಕಳೆದುಹೋಗುವಂಥ ಕಂದು ಪ್ಲಾಸ್ಟಿಕ್ ಹುಡುಕಿದ್ದ. ಕಳೆದ ವಾರ ಮೊದಲ ಕನ್ನಡಕವನ್ನು ಅವಳಿಗೇ ಕೊಟ್ಟಿದ್ದ. ಜಾಹೀರಾತಿನ ಸಾಲೂ ಸಿದ್ಧವಾಗಿತ್ತು: ‘ನಿಮ್ಮ ಗುಟ್ಟು ನಿಮ್ಮಲ್ಲೇ.’

ಕಾರು ಹತ್ತುತ್ತಿದ್ದಂತೆ ಅವನು ಅವಳ ಕಡೆ ತಿರುಗಿ ಹೇಳಿದ. "ಒಬ್ಬರಿಗೂ ಗೊತ್ತಾಗ್ಲಿಲ್ಲ ಅಕ್ಕಾ!"

"ನಂಗೂ ಏನೂ ಗೊತ್ತಾಗ್ಲಿಲ್ಲ," ಎಂದಳು ಸಿಗ್ನೆ. "ಟಾಲೆಫ್ಸನ್ ಅಜ್ಜ ಕಾಲು ಗಂಟೆ ಮಾತಾಡಿದ, ಬಾಯಿಗೆ ಕಾಫಿ ಕಪ್ಪು ಅಡ್ಡ ಹಿಡ್ಕೊಂಡು. ಹುಷಾರಿಲ್ದೆ ಇರೋದು ಅವನ ಹೆಂಡ್ತಿಗೋ ಹಸುಗೋ, ಈಗ್ಲೂ ತಿಳೀದು. ಎರಡಕ್ಕೂ ಸರಿಹೋಗೋ ಹಾಗೆ ಮುಖ ಇಟ್ಕೊಂಡೆ."

"ಯಂತ್ರ ಸರಿಯಾಗಿಲ್ವಾ?"

"ಯಂತ್ರ ಚೆನ್ನಾಗಿದೆ ಕಣೋ. ಪೆಟ್ಟಿಗೇಲಿ ನನ್ನ ಅಂಗಿ ಉಜ್ಜೋ ಸದ್ದೇ ಜಾಸ್ತಿ ಇರ್ತಿತ್ತು. ಇದರಲ್ಲಿ ಮನುಷ್ಯರ ದನಿ ಇದೆ. ಆದ್ರೆ ನಾನು ಅರ್ಧ ಕೇಳೋದು ಕಿವೀಲಿ, ಇನ್ನರ್ಧ ತುಟಿ ನೋಡಿ. ಎದೆ ಮೇಲೆ ಪೆಟ್ಟಿಗೆ ಕಂಡ್ರೆ ಜನ ಎದುರಿಗೆ ಬಂದು, ಬಾಯಿ ಬಿಟ್ಟು ಮಾತಾಡೋರು. ನೀನು ಯಂತ್ರದ ಜೊತೆ ನನ್ನ ಕಿವುಡುತನಾನೂ ಬಚ್ಚಿಟ್ಟೆ. ಈಗ ಅವರ ಕಣ್ಣಿಗೆ ನಾನು ಕಿವುಡಿ ಅಲ್ಲ, ದಡ್ಡಿ."

ಆರ್ವಿಡ್ ಗಾಡಿ ಶುರು ಮಾಡಲಿಲ್ಲ. ಅವಳು ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡಳು. ಬಟ್ಟೆ ಅಂಗಡಿಯ ಕೌಂಟರಿನಲ್ಲಿ ಅವಳದು ಬಹಳ ವರ್ಷಗಳ ಕೆಲಸ.

"ಈ ವಾರ ಎರಡು ಸಲ ತಪ್ಪು ಬಟ್ಟೆ ಕತ್ತರಿಸ್ದೆ. ಗಿರಾಕಿಗಳು ಕಪಾಟಿಗೆ ಮುಖ ಮಾಡ್ಕೊಂಡು ಹೇಳ್ತಾರೆ. ಇನ್ನೊಂದು ಸಲ ಹೀಗಾದ್ರೆ ಹಿಂದಿನ ಕೋಣೇಲಿ ಪೊಟ್ಟಣ ಕಟ್ಕೊಂಡಿರು ಅಂದ್ಳು ಯಜಮಾನಿ ಮಿಸೆಸ್ ಕೊಜ್ಲಾಕ್."

"ಕೇಳಿಸಲ್ಲ ಅಂತ ಮೊದಲೇ ಹೇಳ್ಬಿಡು."

"ಬಂದೋರಿಗೆಲ್ಲಾನಾ? ನೀನು ನಿನ್ನ ಬೋಳುತಲೆ ಬಗ್ಗೆ ಟೋಪಿ ತೆಗೆಯೋಕೆ ಮುಂಚೆ ಎಲ್ರಿಗೂ ಹೇಳ್ಕೊಂಡು ಬಾ, ಆಮೇಲೆ ನಾನೂ ಹೇಳ್ತೀನಿ."

ಅವನಿಗೆ ನಗು ಬರಲಿಲ್ಲ. ಕಣ್ಣಿಗೆ ಬೀಳದಿರಲಿ ಎಂದೇ ಮಾಡಿದ ವಸ್ತುವಿನ ಬಗ್ಗೆ ಹೀಗೊಂದು ದೂರು ಬರಬಹುದೆಂದು ಅವನು ಎಣಿಸಿರಲಿಲ್ಲ.

ಮಂಗಳವಾರ ಊಟದ ಬಿಡುವಿನಲ್ಲಿ ಅವನು ಅಂಗಡಿಗೆ ಹೋದ. ಅವಳು ಪೆಟ್ಟಿಗೆಗೆ ಮರಳಿರುತ್ತಾಳೆ, ಕನ್ನಡಕ ವಾಪಸು ತರೋಣ ಎಂದುಕೊಂಡಿದ್ದ. ಸಿಗ್ನೆ ಕೌಂಟರಿನಲ್ಲೇ ಇದ್ದಳು, ಕನ್ನಡಕವೂ ಮೂಗಿನ ಮೇಲಿತ್ತು. ಆದರೆ ಕೂದಲನ್ನು ಹಿಂದಕ್ಕೆ ಬಾಚಿ ಕಟ್ಟಿದ್ದಳು. ಕಂದು ಕಡ್ಡಿಗೆ ಉದ್ದಕ್ಕೂ ಉಗುರು ಬಣ್ಣ ಬಳಿದಿದ್ದಳು. ಅಚ್ಚ ಕೆಂಪು, ಅಂಕುಡೊಂಕು ಬಳಿತ. ಆರ್ವಿಡ್ ಬಾಗಿಲ ಬಳಿಯೇ ನಿಂತುಬಿಟ್ಟ.

ಅಷ್ಟರಲ್ಲಿ ಕಪಾಟಿನ ಕಡೆ ಮುಖ ಮಾಡಿದ್ದ ಹೆಂಗಸೊಬ್ಬಳು ಏನನ್ನೋ ಕೇಳಿದಳು. ಉತ್ತರ ಬಾರದೆ ತಿರುಗಿದಳು. ಕೆಂಪು ಕಡ್ಡಿ ಕಣ್ಣಿಗೆ ಬಿತ್ತು, ಅದರಿಂದ ಕಿವಿಗೆ ಹೋಗಿದ್ದ ಸಣ್ಣ ಕೊಳವೆಯೂ. ಒಂದು ಗಳಿಗೆ ತಡೆದು ಕೌಂಟರಿನ ಎದುರಿಗೆ ಬಂದು ನಿಂತಳು.

"ಕೋಟಿನ ಅಸ್ತರಿಗೆ ಬೂದು ಬಟ್ಟೆ ಬೇಕಿತ್ತು," ಎಂದಳು ಬಿಡಿಸಿ. "ನಾಲ್ಕು ಗಜ."

ಸಿಗ್ನೆಯ ಕತ್ತರಿ ಬಟ್ಟೆಯ ಮೇಲೆ ಸರಸರನೆ ಓಡಿತು.

ಗಿರಾಕಿ ಹೋದ ಮೇಲೆ ಆರ್ವಿಡ್ ಅವಳ ಎದುರಿಗೆ ಬಂದು ನಿಂತ. "ಉಗುರು ಬಣ್ಣ ಪ್ಲಾಸ್ಟಿಕ್ಕನ್ನ ತಿನ್ನುತ್ತೆ ಅಕ್ಕಾ."

"ಹಾಗಾದ್ರೆ ತಿನ್ನದೇ ಇರೋ ಕೆಂಪು ಮಾಡ್ಕೊಡು."

"ಒಂದು ದಿನಕ್ಕೆ ಇದನ್ನ ಕೊಡ್ತೀಯಾ?"

ಅವಳು ಡ್ರಾಯರಿನಿಂದ ಹಳೆಯ ಪೆಟ್ಟಿಗೆ ತೆಗೆದು ಸಿಕ್ಕಿಸಿಕೊಂಡು ಕನ್ನಡಕ ಬಿಚ್ಚಿಕೊಟ್ಟಳು. "ಒಂದೇ ದಿನ. ಅಂಗಿ ಸದ್ದು ಕೇಳೋ ಅಭ್ಯಾಸ ತಪ್ಪಿಹೋಗಿದೆ."

ಕಂಪನಿಯಲ್ಲಿ ಮಾರಾಟ ವಿಭಾಗದ ಮುಖ್ಯಸ್ಥ ಲೆಸ್ಟರ್ ಬ್ರಾಂಟ್ ಆ ಕನ್ನಡಕವನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದ.

"ಏನಯ್ಯಾ ಇದು, ಕ್ರಿಸ್‌ಮಸ್ ಅಲಂಕಾರಾನಾ? ಜನ ನಮ್ಮ ಹತ್ರ ಬರೋದು ಮುಚ್ಚಿಡೋಕೆ. ಬಾವುಟ ಹಾರಿಸೋಕಲ್ಲ."

"ಮುಚ್ಚಿಡೋರಿಗೆ ಕಂದು ಇದ್ದೇ ಇದೆಯಲ್ಲ. ಎಲ್ಲರಿಗೂ ಅದೇ ಬೇಕು ಅಂತ ನಮಗೆ ಹೇಳಿದ್ಯಾರು? ನಾವು ಕೇಳ್ಲೇ ಇಲ್ಲ, ಲೆಸ್ಟರ್. ಇದು ಕಂಡ್ರೆ ಜನ ಎದುರಿಗೆ ಬಂದು ಮಾತಾಡ್ತಾರೆ. ನಾನೇ ನೋಡ್ಕೊಂಡು ಬಂದೆ. ಆ ಕೆಲಸ ನಮ್ಮ ಯಾವ ಟ್ರಾನ್ಸಿಸ್ಟರೂ ಮಾಡಲ್ಲ."

ಬ್ರಾಂಟ್ ಬಣ್ಣ ಮೆತ್ತಿದ ಕಡ್ಡಿಯನ್ನು ಉಗುರಿನಿಂದ ಕೆರೆದ. "ಇಪ್ಪತ್ತು ಮಾಡು. ಮಾರಾಟ ಆಗ್ದಿದ್ರೆ ಇಪ್ಪತ್ತನ್ನೂ ನೀನೇ ಹಾಕ್ಕೊಂಡು ತಿರುಗಾಡ್ಬೇಕು, ತಿಳೀತಾ?"

ಕಾರ್ಖಾನೆಗಿಳಿದು ಆರ್ವಿಡ್ ಕೆಂಪು ಪ್ಲಾಸ್ಟಿಕ್ ಹಾಳೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ. ಒಂದು ಲಿಪ್‌ಸ್ಟಿಕ್ಕಿನಂತಿತ್ತು, ಇನ್ನೊಂದು ಆಟಿಕೆಯಂತಿತ್ತು. ಮೂರನೆಯದು ಆ ಸೀಮೆಯಲ್ಲಿ ಹೊಲದ ನಡುವಿನ ಹಳೆಯ ಕೊಟ್ಟಿಗೆಗಳಿಗೆ ಬಳಿಯುವ, ದೂರಕ್ಕೂ ಕಾಣುವ ಕೆಂಪು, ಅದನ್ನೇ ಆರಿಸಿದ. ಆಮೇಲೆ ನಕ್ಷೆ ಬಿಡಿಸಿಕೊಂಡು ಕೂತ. ಕಾಣಲೇಬೇಕು ಎಂದಾದ ಮೇಲೆ ಕಡ್ಡಿ ಅಷ್ಟು ತೆಳ್ಳಗಿರುವ ಅಗತ್ಯವೇ ಇರಲಿಲ್ಲ. ಕಣ್ಣಿನ ಬಳಿ ತುಸು ಅಗಲ, ಕಿವಿಯ ಕಡೆಗೆ ಹೋಗುತ್ತಾ ಸಪೂರ. ಎರಡು ವರ್ಷದಲ್ಲಿ ಮೊದಲ ಸಲ ಅವನ ಪೆನ್ಸಿಲ್ ಸರಾಗವಾಗಿ ಓಡಿತು.

ಆ ತಿಂಗಳ ಕೊನೆಯ ಭಾನುವಾರ ನೆಲಮಾಳಿಗೆಯಲ್ಲಿ ಎಂದಿನಂತೆ ಕಾಫಿಯ ವಾಸನೆ. ಸಿಗ್ನೆಯ ಕೂದಲು ಹಿಂದಕ್ಕೆ ಕಟ್ಟಿತ್ತು, ಕಿವಿಯ ಪಕ್ಕ ಹೊಸ ಕಡ್ಡಿ ಹೊಳೆಯುತ್ತಿತ್ತು. ಟಾಲೆಫ್ಸನ್ ಅಜ್ಜ ಕಪ್ಪನ್ನು ಬಾಯಿಗೆ ಎತ್ತಿ ಏನೋ ಗೊಣಗಲು ಶುರು ಮಾಡಿದವನು ಅದನ್ನು ಕಂಡು ಅರ್ಧಕ್ಕೇ ನಿಂತ. ಕಪ್ಪನ್ನು ತಟ್ಟೆಯ ಮೇಲಿಟ್ಟ. ಮೇಜು ಸುತ್ತಿಕೊಂಡು ನಿಧಾನವಾಗಿ ಅವಳ ಎದುರಿಗೆ ಬಂದು, ಗಂಟಲು ಸರಿಮಾಡಿಕೊಂಡ.

"ಈಗ ಪರವಾಗಿಲ್ಲಮ್ಮ," ಎಂದ ಒಂದೊಂದೇ ಮಾತು ಬಿಡಿಸಿ. "ಹುಲ್ಲು ತಿನ್ತಾಳೆ."

"ಹಸುನಾ!" ಎಂದು ಸಿಗ್ನೆ ನಕ್ಕಳು.

ಮುದುಕನಿಗೆ ಹೇಳುವುದು ಇನ್ನೂ ಬಹಳವಿತ್ತು. ಮೇಜಿನ ಆಚೆ ಬದಿಯಲ್ಲಿ ಅವನ ಕಾಫಿ ಆರುತ್ತಿತ್ತು.