ಆಮ್ಚಿ

ಜ್ವರ ಬಂದವರ ತಲೆದೆಸೆಯಲ್ಲಿ ಅಜ್ಜಿ ಹಾಕುತ್ತಿದ್ದ ಹಾಲುಮಡ್ಡಿ ಧೂಪದ ವಾಸನೆಯೇ ಅಂಗಳಕ್ಕೆ ಬಂದ ಭಿಕ್ಷುವಿನ ಕೆಂಪು ವಸ್ತ್ರದಿಂದಲೂ ಬಂದಾಗ, ಗುಲಾಬಿಬಾಯಿ ಬಾಗಿಲು ಮುಚ್ಚಲಾರದೆ ನಿಂತಳು. ಮುಂಡಗೋಡದ ಟಿಬೆಟಿಯನ್ ಕ್ಯಾಂಪಿನವರ ಸಂಘ ಸುತ್ತಲಿನವರಿಗೆಲ್ಲ ಒಂದು ಆಸ್ಪತ್ರೆ ಕಟ್ಟಲು ದೇಣಿಗೆ ಕೂಡಿಸುತ್ತಿತ್ತು. ಅದಕ್ಕೇ ಆತ ಜೊಯಿಡಾದ ಮನೆಮನೆ ತಿರುಗುತ್ತಿದ್ದ.

"ಹಗಲೂ ರಾತ್ರಿ ಆಮ್ಚಿ ಅಲ್ಲೇ ಇರ್ತಾರ, ಅಮ್ಮಾ," ಎಂದ.

ಕೊಂಕಣಿ ಮನೆಮಾತಿನ ಅವಳ ಕಿವಿಗೆ ಅದು 'ನಮ್ಮವಳು' ಎಂದೇ ಕೇಳಿಸಿತು.

"ನಮ್ಮಾಕಿ ಇನ್ನೆಲ್ಲಿ ಇರ್ತಾಳ್ರಿ? ಹೆರಿಗಿಗೆ ಒಯ್ಯೂವಾಗ ದಾಂಡೇಲಿ ದಾರ್ಯಾಗ ಹೋಗಿಬಿಟ್ಲು ನನ್ನ ಮಗಳು."

ಭಿಕ್ಷು ತಲೆ ತಗ್ಗಿಸಿದ. "ತಪ್ಪಾತು ಅಮ್ಮಾ. ನಮ್ಮ ಮಾತಿನ್ಯಾಗ ಆಮ್ಚಿ ಅಂದ್ರ ಡಾಕ್ಟರ್."

"ಅವತ್ತ ಅವರೂ ಇರಲಿಲ್ಲ ಬಿಡ್ರಿ."

ಆತ ರಸೀದಿ ಪುಸ್ತಕವನ್ನು ಚೀಲದೊಳಗಿಟ್ಟು, ದೇಣಿಗೆ ಕೇಳದೆ ಹೊರಡಲು ತಿರುಗಿದ. ಈಗಲೂ ಇಬ್ಬರಿಗಾಗುವಷ್ಟು ಅನ್ನ ಬೇಯಿಸುವ ಗುಲಾಬಿಬಾಯಿ ಒಳಗೆ ಹೋದಳು. ಮಗಳ ತಟ್ಟೆಗೆ ಅನ್ನ, ಹುರುಳಿ ಸಾರು ಬಡಿಸಿ ತಂದು ಅವನ ಕೈಗಿಟ್ಟಳು.